ಕಾಡುದಾರಿಯ ಕಾಳಿಂಗ

ಶಿವಮೊಗ್ಗೆಯಿಂದ ತೀರ್ಥಹಳ್ಳಿಯ ಮಾರ್ಗವಾಗಿ ಉಡುಪಿಗೆ ಇಳಿಯುವವರು ಸಹ್ಯಾದ್ರಿಯ ಅಂಚಿನಲ್ಲಿ ಆಗುಂಬೆಯೆಂಬ ಸಣ್ಣ ಊರನ್ನು ಹಾದುಹೋಗುವರು. ವರ್ಷಕ್ಕೆ ಸರಾಸರಿ 7,000 ಮಿಲಿಮೀಟರಿಗೂ ಮಿಕ್ಕು ಮಳೆ ಸುರಿಯುವ ಆ ಊರಿಗೆ, ಮಳೆಯಿಲ್ಲದ ದಿನಗಳಲ್ಲಿ ಸೂರ್ಯಾಸ್ತವನ್ನು ನೋಡಲೆಂದು ಬರುವವರು ಹಿಂದಿನಿಂದಲೂ ಉಂಟು. ಬರ್ಕಣ, ಒನಕೆ ಅಬ್ಬಿ, ನರಸಿಂಹಪರ್ವತ, ಕುಂದಾದ್ರಿ ಮೊದಲಾದ ಸ್ಥಳಗಳನ್ನು ಕಾಲ್ನಡೆಯಲ್ಲಿ ನೋಡಿಬರುವ ಹವ್ಯಾಸವು ಈಚಿನ ದಶಕಗಳಲ್ಲಿ ಪಟ್ಟಣದ ವಿದ್ಯಾವಂತರಲ್ಲಿ ಬಹಳವಾಗಿ ಹಬ್ಬಿದೆ. ಬೆನ್ನಿಗೆ ಗಂಟು, ಕೈಯಲ್ಲಿ ಒಂದು ಕೋಲು, ಜೊತೆಗೆ ನಾಲ್ಕು ಜನ ಸ್ನೇಹಿತರು. ಇಷ್ಟಿದ್ದರೆ ಸಾಕು, ಕಾಡು ತಮ್ಮದೇ ಎಂದು ಭಾವಿಸುವ ವಯಸ್ಸಿನವರು ಅವರಲ್ಲಿ ಹೆಚ್ಚು.

ಹೀಗೆ ನಡೆಯುವವರ ಮುಂದೆ, ಒಂದೊಂದು ವೇಳೆ, ದಾರಿಗೆ ಅಡ್ಡಲಾಗಿ ಮರದ ಬೇರಿನಂತೆ ಬಿದ್ದಿದ್ದ ಕಪ್ಪು ವಸ್ತುವು ಚಲಿಸತೊಡಗುತ್ತದೆ. ಅದರ ಬಾಲವು ಒಂದು ಪೊದೆಯಲ್ಲಿ, ತಲೆಯು ಇನ್ನೊಂದು ಪೊದೆಯಲ್ಲಿ. ಬೆದರಿಸಿದರೆ ದೇಹದ ಮೂರರಲ್ಲೊಂದು ಪಾಲನ್ನು ನೆಲದಿಂದ ಮೇಲಕ್ಕೆತ್ತಿ, ನಾಗರಹಾವಿನದಕ್ಕಿಂತ ಕಿರಿದಾಗಿಯೂ ಉದ್ದವಾಗಿಯೂ ಇರುವ ಹೆಡೆಯನ್ನು ಬಿಡಿಸಿ, ನಾಯಿಯ ಗುರುಗುಟ್ಟುವಿಕೆಯನ್ನು ಹೋಲುವ ದನಿಯನ್ನು ಹೊರಡಿಸುತ್ತದೆ. ಹನ್ನೆರಡು ಅಡಿಯ ಹಾವು ಹೀಗೆ ನಿಂತರೆ ಅದರ ಕಣ್ಣು ಕುಳಿತ ಮನುಷ್ಯನ ಕಣ್ಣಿಗಿಂತ ಎತ್ತರದಲ್ಲಿರುವುದು. ಇದೇ ಕಾಳಿಂಗಸರ್ಪ, ಲೋಕದ ವಿಷಸರ್ಪಗಳಲ್ಲೆಲ್ಲಾ ಅತ್ಯಂತ ಉದ್ದವಾದುದು. ಲಂಡನ್ನಿನ ಮೃಗಾಲಯದಲ್ಲಿ ಸಾಕಿದ್ದ ಒಂದು ಹಾವು ಹದಿನೆಂಟೂವರೆ ಅಡಿಗೂ ಮೀರಿ ಬೆಳೆದಿತ್ತು.

ಇಂತಹ ಭೇಟಿಯಲ್ಲಿ ಮನುಷ್ಯನು ಏನು ಮಾಡಿದನು, ಏನು ಮಾಡಬೇಕಾಗಿತ್ತು ಎಂಬುದಕ್ಕೆ ಒಂದು ದೀರ್ಘವಾದ ಚರಿತ್ರೆಯುಂಟು. ಆ ಚರಿತ್ರೆಯು ನಮ್ಮ ಪ್ರಾಚೀನ ಗ್ರಂಥಗಳಿಂದ ಹೊರಟು 2024ರಲ್ಲಿ ಒಂದು ಕನ್ನಡ ಮಾತಿನ ಬಳಿಗೆ ಬಂದು ನಿಂತಿರುವುದರಿಂದ ಅದನ್ನು ಇಲ್ಲಿ ವಿಚಾರಮಾಡುವುದು ಅಪ್ರಕೃತವಾಗಲಾರದು.

ಮೊದಲು ಹೆಸರನ್ನೇ ನೋಡುವ. ಭಾಗವತದ ದಶಮಸ್ಕಂಧದಲ್ಲಿ ಬರುವ ಕಾಲಿಯನೇ ಕನ್ನಡದ ಬಾಯಲ್ಲಿ ಕಾಳಿಂಗನಾದನು. ಗೋವಿನ ಹಾಡಿನ ಗೊಲ್ಲನಿಗೂ ಅದೇ ಹೆಸರು ಇರುವುದನ್ನು ಕಂಡರೆ, ಆ ಹೆಸರಿನಲ್ಲಿ ನಮ್ಮ ಜನರಿಗೆ ಭಯಕ್ಕಿಂತ ಬಳಕೆಯೇ ಹೆಚ್ಚೆಂದು ತೋರುತ್ತದೆ. ಪುರಾಣದ ಕಾಲಿಯನು ಗರುಡನ ಭಯದಿಂದ ರಮಣಕದ್ವೀಪವನ್ನು ಬಿಟ್ಟು ಯಮುನೆಯ ಮಡುವಿಗೆ ಬಂದು ಸೇರಿದವನು. ಕೃಷ್ಣನು ಅವನ ಹೆಡೆಗಳನ್ನು ತುಳಿದು ಗರ್ವವನ್ನು ಇಳಿಸಿದರೂ ಅವನನ್ನು ಕೊಲ್ಲಲಿಲ್ಲ. ಹೆಂಡಿರು ಮಕ್ಕಳೊಡನೆ ತನ್ನ ಮೊದಲಿನ ನೆಲೆಗೆ ಹಿಂದಿರುಗೆಂದು ಆಜ್ಞಾಪಿಸಿ ಬಿಟ್ಟುಕೊಟ್ಟನು. ಕಾಳಿಂಗಮರ್ದನವೆಂದು ಆ ಕಥೆಗೆ ಹೆಸರಾಯಿತಾದರೂ ಅದರಲ್ಲಿ ಮರ್ದನಕ್ಕಿಂತ ವಿಸರ್ಜನೆಯೇ ಮುಖ್ಯವಾದುದು.

ವೈದ್ಯರ ದೃಷ್ಟಿಯು ಬೇರೆಯದಾಗಿದ್ದಿತು. ಸುಶ್ರುತಸಂಹಿತೆಯ ಕಲ್ಪಸ್ಥಾನವು ಸರ್ಪಗಳನ್ನು ಮೊದಲಿಗೇ ದಿವ್ಯವೆಂದೂ ಭೌಮವೆಂದೂ ಎರಡಾಗಿ ಒಡೆಯುತ್ತದೆ. ವಾಸುಕಿ ತಕ್ಷಕಾದಿಗಳು ದಿವ್ಯರು. ಅವರಿಗೆ ನಮಸ್ಕಾರವನ್ನು ಸಲ್ಲಿಸಿ ಗ್ರಂಥಕಾರನು ಮುಂದಕ್ಕೆ ಹೋಗುತ್ತಾನೆ, ಏಕೆಂದರೆ ಅವರ ವಿಷಕ್ಕೆ ಚಿಕಿತ್ಸೆಯ ಮಾತಿಲ್ಲ. ನೆಲದ ಮೇಲೆ ಹರಿದು ಮನುಷ್ಯರನ್ನು ಕಚ್ಚುವ ಎಂಬತ್ತು ಬಗೆಯ ಭೌಮಸರ್ಪಗಳೇ ಆತನ ವಿಷಯ. ಪೂಜೆಯ ಹಾವೇ ಬೇರೆ, ಮದ್ದಿನ ಹಾವೇ ಬೇರೆ ಎಂಬ ಈ ವಿಂಗಡಣೆಯನ್ನು ಅಷ್ಟು ಹಿಂದೆಯೇ ಮಾಡಿದ ಧೈರ್ಯವನ್ನು ಎಷ್ಟು ಹೊಗಳಿದರೂ ಸಾಲದು. ಆ ಎಂಬತ್ತರಲ್ಲಿ ದರ್ವೀಕರಗಳು 26, ಮಂಡಲಿಗಳು 22, ರಾಜಿಮಂತಗಳು 10, ವಿಷವಿಲ್ಲದವು 12, ಉಳಿದವು ಮಿಶ್ರಜಾತಿಯವು. ದರ್ವಿಯೆಂದರೆ ಸೌಟು; ಸೌಟಿನಂತಹ ಹೆಡೆಯುಳ್ಳವು ದರ್ವೀಕರಗಳು. ಮೈಮೇಲೆ ಮಂಡಲಗಳುಳ್ಳವು ಮಂಡಲಿಗಳು. ಕನ್ನಡಿಗರು ಇಂದಿಗೂ ಕೊಳಕುಮಂಡಲವೆಂದು ಕರೆಯುವ ಹಾವಿನ ಹೆಸರಿನಲ್ಲಿ ಆ ಮಾತು ಹಾಗೆಯೇ ಉಳಿದಿದೆ. ಗೆರೆಗಳುಳ್ಳವು ರಾಜಿಮಂತಗಳು. ಹೆಡೆಯುಳ್ಳ ಕಾಳಿಂಗವನ್ನು ಮೊದಲನೆಯ ಪಂಕ್ತಿಯಲ್ಲಿ ಕೂರಿಸುವುದಕ್ಕೆ ಅಡ್ಡಿಯಿಲ್ಲ.

ಹಾವು ಏಕೆ ಕಚ್ಚುತ್ತದೆಂಬುದನ್ನೂ ಸುಶ್ರುತನು ಹೇಳುತ್ತಾನೆ. ಕಾಲಿನಿಂದ ತುಳಿಯಲ್ಪಟ್ಟಾಗ, ಕೆರಳಿದಾಗ, ಆಹಾರವನ್ನು ಬಯಸಿದಾಗ, ಅಥವಾ ದುಷ್ಟಸ್ವಭಾವದಿಂದ; ತುಳಿತವೇ ಎಲ್ಲಕ್ಕೂ ಮೊದಲಿನ ಕಾರಣವಾಗಿ ಬಂದಿರುವುದು ಗಮನಾರ್ಹ. ಅದಕ್ಕಿಂತ ಸೂಕ್ಷ್ಮವಾದ ಇನ್ನೊಂದು ಮಾತು ಅಲ್ಲಿದೆ. ಅಂಜುಬುರುಕನಾದವನಿಗೆ ಹಾವಿನ ಮೈ ಸೋಂಕಿದ ಮಾತ್ರಕ್ಕೆ, ಭಯದಿಂದ ವಾಯುವು ಕೆರಳಿ ಬಾವು ಹುಟ್ಟುವುದುಂಟಂತೆ. ಇದನ್ನು ಸರ್ಪಾಂಗಾಭಿಹತವೆಂದು ಕರೆದು, ನಿಜವಾದ ಕಡಿತದಿಂದ ಬೇರ್ಪಡಿಸಿದ್ದಾರೆ. ಹಲ್ಲು ಊರಿದರೂ ವಿಷವಿಳಿಯದ ಕಡಿತವೂ ಉಂಟೆಂದು ಅದೇ ಪ್ರಕರಣದಲ್ಲಿ ಹೇಳಿದೆ. ವಿಷಸರ್ಪವು ಕಚ್ಚಿಯೂ ವಿಷವನ್ನು ಸುರಿಸದೆ ಹೋಗುವುದು ಆಗಾಗ್ಗೆ ಸಂಭವಿಸುತ್ತದೆಂದು ಇಂದಿನ ವೈದ್ಯರೂ ಒಪ್ಪುವರು. ಮಂತ್ರದಿಂದ ಬದುಕಿದೆನೆಂದು ಹೇಳುವವರ ಪೈಕಿ ಎಷ್ಟು ಜನ ಈ ಎರಡು ಗುಂಪಿಗೆ ಸೇರಿದವರೋ ಬಲ್ಲವರಾರು!

ಆದರೆ ಪ್ರಾಚೀನರ ಮಾತೆಂದು ಎಲ್ಲವನ್ನೂ ಶಿರಸಾವಹಿಸುವುದು ಸಲ್ಲದು. ಕಡಿತದ ಮೇಲೆ ನಾಲ್ಕು ಬೆರಳಿನಷ್ಟು ಬಿಟ್ಟು ಬಿಗಿಯಾಗಿ ಕಟ್ಟುವ ‘ಅರಿಷ್ಟಾಬಂಧನ’ವನ್ನೂ, ಗಾಯವನ್ನು ಕೊಯ್ಯುವುದನ್ನೂ, ಹೀರುವುದನ್ನೂ, ಸುಡುವುದನ್ನೂ ಸುಶ್ರುತನು ವಿಧಿಸಿದ್ದಾನೆ. ಇವೆಲ್ಲವೂ ಈಗ ವರ್ಜ್ಯವೆಂದು ತೀರ್ಮಾನವಾಗಿದೆ. ಬಿಗಿದ ಕಟ್ಟಿನಿಂದ ಅಂಗವು ಕೊಳೆತುಹೋದವರುಂಟು. ಕಟ್ಟನ್ನು ಬಿಚ್ಚಿದೊಡನೆ ವಿಷವು ಒಮ್ಮೆಗೇ ನುಗ್ಗಿ ಸತ್ತವರೂ ಉಂಟು. ಕಚ್ಚಿಸಿಕೊಂಡವನನ್ನು ನಡೆಸದೆ, ಅಂಗವನ್ನು ಅಲುಗಿಸದೆ, ಹೊತ್ತುಕೊಂಡಾದರೂ ಬೇಗನೆ ಆಸ್ಪತ್ರೆಗೆ ಒಯ್ಯುವುದೇ ಸರಿಯಾದ ಮಾರ್ಗ. ಸುಶ್ರುತನನ್ನು ಗೌರವಿಸುವವರು ಆತನ ಕಣ್ಣನ್ನು ಪಡೆಯಬೇಕಲ್ಲದೆ ಆತನ ಹಗ್ಗವನ್ನಲ್ಲ.

ಕನ್ನಡದಲ್ಲಿ ವಿಷವೈದ್ಯಕ್ಕೆಂದೇ ಒಂದು ಗ್ರಂಥವು ಹದಿನಾಲ್ಕನೆಯ ಶತಮಾನದಲ್ಲಿ ಹುಟ್ಟಿತು. ಜೈನಕವಿಯಾದ ಒಂದನೆಯ ಮಂಗರಾಜನ ‘ಖಗೇಂದ್ರಮಣಿದರ್ಪಣ’ವು ಸ್ಥಾವರವಿಷ ಜಂಗಮವಿಷಗಳೆರಡನ್ನೂ ವಿವರಿಸುವುದು. ಖಗೇಂದ್ರನೆಂದರೆ ಗರುಡ. ಅಮರಕೋಶವು ಗರುಡನಿಗೆ ಕೊಡುವ ಹೆಸರುಗಳಲ್ಲಿ ಪನ್ನಗಾಶನವೆಂಬುದೂ ಒಂದು, ಎಂದರೆ ಹಾವನ್ನು ತಿನ್ನುವವನು. ಈ ಪದವನ್ನು ವಾಚಕರು ನೆನಪಿನಲ್ಲಿಡಬೇಕು, ಮುಂದೆ ಬೇಕಾಗುವುದು.

ಪಾಶ್ಚಾತ್ಯ ವಿದ್ವಾಂಸರ ಕಣ್ಣಿಗೆ ಕಾಳಿಂಗವು ಬಹಳ ತಡವಾಗಿ ಬಿದ್ದಿತು. ಪ್ಯಾಟ್ರಿಕ್ ರಸೆಲ್ ಎಂಬ ವೈದ್ಯನು ವಿಶಾಖಪಟ್ಟಣದಲ್ಲಿದ್ದುಕೊಂಡು ಕೋರಮಂಡಲ ತೀರದ ಹಾವುಗಳನ್ನು ಸಂಗ್ರಹಿಸಿ 1796ರಲ್ಲಿ ಒಂದು ದೊಡ್ಡ ಸಚಿತ್ರಗ್ರಂಥವನ್ನು ಪ್ರಕಟಿಸಿದನು. ಯಾವ ಹಾವು ವಿಷದ್ದು, ಯಾವುದು ಸಾಧುವಾದದ್ದು ಎಂಬುದನ್ನು ಸಾಮಾನ್ಯನೂ ಗುರುತಿಸುವಂತಾಗಬೇಕೆಂಬುದು ಆತನ ಉದ್ದೇಶ. ಕೊಳಕುಮಂಡಲಕ್ಕೆ ಇಂಗ್ಲಿಷಿನಲ್ಲಿ ಆತನ ಹೆಸರೇ ನಿಂತಿದೆ. ಕಾಳಿಂಗವನ್ನು ಶಾಸ್ತ್ರೀಯವಾಗಿ ಮೊದಲು ವರ್ಣಿಸಿದವನು ಕಂಪೆನಿಯ ಸೇವೆಯಲ್ಲಿದ್ದ ಡೆನ್ಮಾರ್ಕಿನ ಥಿಯೊಡೋರ್ ಕ್ಯಾಂಟರ್. 1836ರಲ್ಲಿ, ಬಂಗಾಳದ ಸುಂದರಬನದ ಕಡೆ ಸಿಕ್ಕಿದ ಹಾವನ್ನು ನೋಡಿ ಆತನು ಅದಕ್ಕೆ ‘ಹಮಡ್ರಯಸ್ ಹನ್ನಾ’ ಎಂದು ಹೆಸರಿಟ್ಟನು. ಹಮಡ್ರಯಸ್ ಎಂದರೆ ಯವನರ ಪುರಾಣಗಳಲ್ಲಿ ಮರದಲ್ಲಿ ನೆಲೆಸುವ ವನದೇವತೆ. 1864ರಲ್ಲಿ ಗುಂಥರನು ‘ಓಫಿಯೋಫೇಗಸ್’ ಎಂಬ ಕುಲನಾಮವನ್ನು ಕೊಟ್ಟನು. ಯವನಭಾಷೆಯಲ್ಲಿ ಓಫಿಸ್ ಎಂದರೆ ಹಾವು, ಫಗೇನ್ ಎಂದರೆ ತಿನ್ನುವುದು. ಹೀಗೆ ಗರುಡನ ಪನ್ನಗಾಶನವೆಂಬ ಬಿರುದು, ತಿಳಿಯದೆಯೇ ಆದರೂ, ಅಕ್ಷರಶಃ ಕಾಳಿಂಗನಿಗೆ ಸಂದಿತು! ಗರುಡನಿಗೆ ಹೆದರಿ ಓಡಿದ ಕಾಲಿಯನ ವಂಶಕ್ಕೆ ಇದಕ್ಕಿಂತ ಹೆಚ್ಚಿನ ಪ್ರತೀಕಾರವು ದೊರೆಯಲಾರದು. ಹೆಸರು ಯಥಾರ್ಥವಾದುದೇ. ಕೇರೆಹಾವು, ನಾಗರಹಾವು, ಗುಳಿಮಂಡಲ, ಕೆಲವೊಮ್ಮೆ ತನ್ನದೇ ಜಾತಿಯ ಇನ್ನೊಂದು ಹಾವು, ಇವೇ ಅದರ ಮುಖ್ಯ ಆಹಾರ. ಕೇರೆಯ ಬೆನ್ನು ಹತ್ತಿ ಬಂದುದರಿಂದಲೇ ಅದು ಅನೇಕ ವೇಳೆ ಮನೆಯ ಕೊಟ್ಟಿಗೆಯಲ್ಲಿಯೂ ಅಟ್ಟದಲ್ಲಿಯೂ ಕಾಣಿಸಿಕೊಳ್ಳುವುದು.

ಹೆಸರುಗಳು ಹೀಗೆ ಬೆಳೆಯುತ್ತಿರುವಾಗ ಸರಕಾರವು ಬೇರೊಂದು ಲೆಕ್ಕದಲ್ಲಿ ತೊಡಗಿತ್ತು. ಕಲ್ಕತ್ತೆಯ ಜೋಸೆಫ್ ಫೇರರ್ ಎಂಬ ವೈದ್ಯನು ಜಿಲ್ಲೆಗಳಿಂದ ವರದಿಗಳನ್ನು ತರಿಸಿ, 1869ನೆಯ ಒಂದೇ ವರ್ಷದಲ್ಲಿ, ದೇಶದ ಸುಮಾರು ಅರ್ಧಭಾಗದಲ್ಲಿ, 11,416 ಜನರು ಹಾವು ಕಚ್ಚಿ ಸತ್ತರೆಂದು ತೋರಿಸಿದನು. ಕೊಂದ ಹಾವಿಗೆ ಇಷ್ಟು ಎಂದು ಇನಾಮು ಕೊಡುವ ಪದ್ಧತಿಯು ಆ ಕಾಲದಲ್ಲಿ ಬಲವಾಗಿ ನಡೆಯಿತು. ಇನಾಮಿನಿಂದ ಹಾವುಗಳು ಸತ್ತವು. ಮನುಷ್ಯರ ಸಾವು ನಿಲ್ಲಲಿಲ್ಲ. ನಿಜವಾದ ಮದ್ದು ಹೊರಟುದು ಫ್ರಾನ್ಸಿನ ಆಲ್ಬರ್ಟ್ ಕ್ಯಾಲ್ಮೆಟನಿಂದ. ಸೈಗಾನಿನಲ್ಲಿದ್ದಾಗ ನಾಗರಹಾವಿನ ಕಡಿತಗಳನ್ನು ಕಂಡಿದ್ದ ಆತನು, ಪ್ರಾಣಿಗಳಿಗೆ ಸ್ವಲ್ಪಸ್ವಲ್ಪವಾಗಿ ವಿಷವನ್ನು ಚುಚ್ಚಿ, ಅವುಗಳ ರಕ್ತದಲ್ಲಿ ಹುಟ್ಟುವ ವಿಷಹರಗುಣವನ್ನು 1895ರ ವೇಳೆಗೆ ಚಿಕಿತ್ಸೆಗೆ ತಂದನು. ಒಂದು ಹಾವಿನ ವಿಷದಿಂದಾದ ಮದ್ದು ಎಲ್ಲ ಹಾವುಗಳಿಗೂ ಸಲ್ಲುವುದೆಂದು ಆತನು ನಂಬಿದ್ದನು. ಆಸ್ಟ್ರೇಲಿಯದಲ್ಲಿ ಮಾರ್ಟಿನ್, ಬೊಂಬಾಯಿಯಲ್ಲಿ ಜಾರ್ಜ್ ಲ್ಯಾಂಬ್ ಇವರು ಪ್ರಯೋಗಗಳನ್ನು ಮಾಡಿ, ಹಾಗಾಗದೆಂದು ತೋರಿಸಿಕೊಟ್ಟರು. ಆಯಾ ಹಾವಿನ ವಿಷಕ್ಕೆ ಆಯಾ ಮದ್ದೇ ಬೇಕು.

ಈ ಒಂದು ವಾಕ್ಯದಲ್ಲಿಯೇ ಮಲೆನಾಡಿನ ದಾರಿಹೋಕನ ಕಷ್ಟವೆಲ್ಲಾ ಅಡಗಿದೆ. ನಮ್ಮ ದೇಶದಲ್ಲಿ ಆಸ್ಪತ್ರೆಗಳಿಗೆ ಒದಗುವ ವಿಷಹರ ಔಷಧವು ನಾಲ್ಕು ಹಾವುಗಳ ವಿಷದಿಂದ ತಯಾರಾದುದು: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸಮಂಡಲ. ಅತಿಹೆಚ್ಚು ಜನರನ್ನು ಕೊಲ್ಲುವವು ಇವೇ ಆದುದರಿಂದ ಈ ಆಯ್ಕೆಯು ನ್ಯಾಯವಾದುದೇ ಸರಿ. ಗೇಣುದ್ದಕ್ಕಿಂತ ಸ್ವಲ್ಪವೇ ಮಿಕ್ಕ ಗರಗಸಮಂಡಲವು ಕೊಂದಷ್ಟು ಜನರನ್ನು ಹದಿಮೂರು ಅಡಿಯ ಕಾಳಿಂಗವು ಎಂದೂ ಕೊಂದಿಲ್ಲ. ಅದರ ಕಡಿತವೇ ಬಹಳ ಅಪರೂಪ. ಆದರೆ ಆ ಅಪರೂಪವು ಒದಗಿದಾಗ, ಒಂದೇ ಕಡಿತದಲ್ಲಿ ಇಳಿಯುವ ವಿಷದ ಪ್ರಮಾಣವು ಬಹಳ ಹೆಚ್ಚು, ಅದು ನರಗಳನ್ನು ಹಿಡಿದು ಉಸಿರನ್ನು ನಿಲ್ಲಿಸುವಂಥದು, ಮತ್ತು ನಾಲ್ಕು ಹಾವುಗಳ ಮದ್ದು ಅದಕ್ಕೆ ನಾಟುವುದಿಲ್ಲ. ಥಾಯ್ಲೆಂಡಿನ ಬ್ಯಾಂಕಾಕಿನಲ್ಲಿ ಕಾಳಿಂಗದ ವಿಷಕ್ಕೆ ಪ್ರತ್ಯೇಕ ಮದ್ದನ್ನು ತಯಾರಿಸುತ್ತಾರೆ. ಅದು ಆ ಸೀಮೆಯ ಹಾವಿಗೆ ತಕ್ಕುದು.

ಈಗ ಆಗುಂಬೆಗೆ ಹಿಂದಿರುಗಬಹುದು. ಅಮೆರಿಕದಲ್ಲಿ ಹುಟ್ಟಿ ಬಾಲ್ಯದಲ್ಲಿಯೇ ಭಾರತಕ್ಕೆ ಬಂದು ನೆಲೆಸಿದ ರೋಮುಲಸ್ ವಿಟೇಕರರು 1970ರ ದಶಕದ ಮೊದಲಲ್ಲಿ ಈ ಕಾಡಿನಲ್ಲಿ ಕಾಳಿಂಗವನ್ನು ಎದುರುಗೊಂಡರು. ಮದರಾಸಿನಲ್ಲಿ ಸರ್ಪೋದ್ಯಾನವನ್ನು ಸ್ಥಾಪಿಸಿದವರೂ, ಹಾವಿನ ತೊಗಲಿನ ವ್ಯಾಪಾರವು ನಿಂತಮೇಲೆ ಕಸುಬಿಲ್ಲದೆ ಉಳಿದ ಇರುಳರಿಗೆ 1978ರಲ್ಲಿ ಸಹಕಾರ ಸಂಘವೊಂದು ಏರ್ಪಡುವಂತೆ ಮಾಡಿದವರೂ ಇವರೇ. ನಾಲ್ಕು ಹಾವುಗಳ ಔಷಧಕ್ಕೆ ಬೇಕಾದ ವಿಷದ ಬಹುಭಾಗವು ಆ ಇರುಳರ ಕೈಯಿಂದ ಬಂದುದೆಂಬುದನ್ನು ಪಟ್ಟಣವಾಸಿಗಳು ಅರಿಯರು. ಆಗುಂಬೆಯ ಭೇಟಿಯು ವಿಟೇಕರರ ಮನಸ್ಸಿನಿಂದ ಅಳಿಯಲಿಲ್ಲ. ಮೂವತ್ತು ವರ್ಷಗಳಿಗೂ ಹೆಚ್ಚು ಕಾಲವಾದಮೇಲೆ, 2005ರಲ್ಲಿ, ಅಲ್ಲಿಯೇ ಮಳೆಕಾಡಿನ ಸಂಶೋಧನ ಕೇಂದ್ರವೊಂದನ್ನು ಸ್ಥಾಪಿಸಿದರು. ಬೇರೆ ಸೀಮೆಗಳನ್ನು ಬಿಟ್ಟು ಆಗುಂಬೆಯನ್ನೇ ಆರಿಸಿಕೊಳ್ಳಲು ಅಲ್ಲಿನ ಜನರ ನಡತೆಯೂ ಒಂದು ಕಾರಣವೆನ್ನಬೇಕು. ಹಾವು ಕಚ್ಚಿತೆನ್ನಲು ಬಾಯಿ ಬಾರದೆ ‘ಹುಳ ಮುಟ್ಟಿತು’ ಎನ್ನುವ, ಊರಿಗೊಂದು ನಾಗಬನವನ್ನು ಕಾಯ್ದುಕೊಂಡಿರುವ ಆ ಸೀಮೆಯ ಜನರು ಕಾಳಿಂಗವನ್ನು ಕಂಡರೆ ಕೋಲೆತ್ತುವುದು ಕಡಮೆ. ಅದು ಹೋಗುವವರೆಗೆ ನಿಂತು ಆಮೇಲೆ ತಮ್ಮ ದಾರಿ ಹಿಡಿಯುವರು.

2008ರಿಂದ ಈ ಕೇಂದ್ರದವರು ಕೆಲವು ಕಾಳಿಂಗಗಳ ಮೈಯೊಳಗೆ ಶಸ್ತ್ರಕ್ರಿಯೆಯಿಂದ ಸಣ್ಣ ರೇಡಿಯೋ ಯಂತ್ರವನ್ನಿರಿಸಿ, ಅವುಗಳ ಹಿಂದೆ ಹಗಲೆಲ್ಲಾ ಕಾಡಿನಲ್ಲಿ ನಡೆದರು. ಕಾಡಿನ ಕಾಳಿಂಗವನ್ನು ಹೀಗೆ ಹಿಂಬಾಲಿಸಿದುದು ಲೋಕದಲ್ಲಿ ಅದೇ ಮೊದಲು. ಹಾವಿನ ಹಿಂದೆ ತಿಂಗಳುಗಟ್ಟಲೆ ನಡೆದವರಿಗೆ ತಿಳಿದ ಸಂಗತಿಗಳಲ್ಲಿ ಒಂದನ್ನು ಮಾತ್ರ ಇಲ್ಲಿ ಹೇಳಬೇಕು. ಮನೆಗೆ ಬಂದ ಕಾಳಿಂಗವನ್ನು ಹಿಡಿದು ದೂರದ ದಟ್ಟಕಾಡಿಗೆ ಒಯ್ದು ಬಿಡುವುದೇ ದಯೆಯೆಂದು ಬಹುಕಾಲ ಎಲ್ಲರೂ ಎಣಿಸಿದ್ದರು. ಹಾಗೆ ಬಿಟ್ಟ ಹಾವು ತನ್ನ ನೆಲೆಯ ಗುರುತು ಸಿಕ್ಕದೆ ಬಹುದೂರ ಅಲೆದುಹೋಗುವುದೆಂದೂ, ಹಿಡಿದ ಸ್ಥಳದ ಹತ್ತಿರದಲ್ಲಿಯೇ ಬಿಡುವುದು ಲೇಸೆಂದೂ ಈಗ ತಿಳಿದಿದೆ. ಕಾಲಿಯನನ್ನು ಅವನ ಸ್ವಂತ ದ್ವೀಪಕ್ಕೇ ಕಳುಹಿಸಿದ ಕಥೆಯು ಇದನ್ನು ಓದುವಾಗ ನೆನಪಿಗೆ ಬಾರದೆ ಇರದು.

ಈ ಕೆಲಸದಲ್ಲಿ ಮೊದಲಿನಿಂದ ಪಾಲ್ಗೊಂಡಿದ್ದವರು ಪಿ. ಗೌರೀಶಂಕರರು. ನೂರಾರು ಕಾಳಿಂಗಗಳನ್ನು ಮನೆ ತೋಟಗಳಿಂದ ಹಿಡಿದು ಬಿಟ್ಟ ಅನುಭವವುಳ್ಳ ಅವರಿಗೆ 2005ರಲ್ಲಿ ಕಾಳಿಂಗವು ಕಚ್ಚಿತು. ದೊರೆತ ಮದ್ದು ನಾಟಲಿಲ್ಲ; ಲಕ್ಷಣಗಳಿಗೆ ತಕ್ಕ ಉಪಚಾರದಿಂದ ಬದುಕಿ ಉಳಿದರು. ಇನ್ನೊಬ್ಬನಾಗಿದ್ದರೆ ದೇವರಿಗೆ ಹರಕೆಯೊಪ್ಪಿಸಿ ಆ ವೃತ್ತಿಗೆ ಕೈಮುಗಿಯುತ್ತಿದ್ದನು. ಗೌರೀಶಂಕರರಿಗೆ ಆ ಕಡಿತವು ಒಂದು ಪ್ರಶ್ನೆಯಾಗಿ ಉಳಿಯಿತು. ಮದ್ದು ನಾಟದಿರುವುದಕ್ಕೆ ಕಾರಣವೇನು? ಬಂಗಾಳದ ಕಾಳಿಂಗ, ಥಾಯ್ಲೆಂಡಿನ ಕಾಳಿಂಗ, ಆಗುಂಬೆಯ ಕಾಳಿಂಗ ಇವೆಲ್ಲವೂ ನಿಜವಾಗಿ ಒಂದೇ ಜಾತಿಯವೇ?

ಕ್ಯಾಂಟರನ ಕಾಲದಿಂದಲೂ ಇವು ಒಂದೇ ಎಂದು ಎಲ್ಲರೂ ಬರೆಯುತ್ತ ಬಂದಿದ್ದರು. ಗೌರೀಶಂಕರರೂ ದೇಶವಿದೇಶಗಳ ಸಹವಿದ್ವಾಂಸರೂ ಬೇರೆಬೇರೆ ಸೀಮೆಗಳ ಹಾವುಗಳ ವಂಶವಾಹಿಗಳನ್ನು ಪರೀಕ್ಷಿಸಿ, ಮ್ಯೂಸಿಯಮ್ಮುಗಳಲ್ಲಿರುವ ಹಳೆಯ ಮಾದರಿಗಳ ಪಟ್ಟೆ ಹಲ್ಲು ಪೊರೆಗಳನ್ನು ಎಣಿಸಿ, 2021ರಲ್ಲಿ ನಾಲ್ಕು ಬೇರೆ ವಂಶಗಳನ್ನು ತೋರಿಸಿದರು; 2024ರಲ್ಲಿ ಅವುಗಳನ್ನು ನಾಲ್ಕು ಪ್ರತ್ಯೇಕ ಜಾತಿಗಳೆಂದು ಪ್ರಕಟಿಸಿದರು. ಉತ್ತರಭಾರತ, ಬರ್ಮಾ, ಥಾಯ್ಲೆಂಡುಗಳ ಹಾವಿಗೆ ಕ್ಯಾಂಟರನಿಟ್ಟ ‘ಹನ್ನಾ’ ಎಂಬ ಹೆಸರೇ ಉಳಿಯಿತು. ಮಲಯ ಮತ್ತು ಅದರ ಸುತ್ತಣ ದ್ವೀಪಗಳದು ಒಂದು, ಫಿಲಿಪೈನ್ಸಿನ ಲುಜಾನ್ ದ್ವೀಪದ್ದು ಒಂದು. ನಾಲ್ಕನೆಯದು ಸಹ್ಯಾದ್ರಿಯದು, ಮೈಮೇಲಿನ ತೆಳುಬಣ್ಣದ ಪಟ್ಟೆಗಳಿಗೆ ಕಪ್ಪು ಅಂಚಿಲ್ಲದಿರುವುದು ಅದರ ಒಂದು ಗುರುತು. ಇದಕ್ಕೆ ಹೊಸ ಹೆಸರು ಬೇಕಾಯಿತು. ಆಗ ಯವನಪುರಾಣವನ್ನಾಗಲಿ, ಯಾರೋ ಒಬ್ಬ ದೊರೆಯ ಹೆಸರನ್ನಾಗಲಿ ಹುಡುಕದೆ, ಅದನ್ನು ತಲೆಮಾರುಗಳಿಂದ ಕಂಡು ದಾರಿಬಿಟ್ಟವರು ಯಾವ ಹೆಸರಿನಿಂದ ಕರೆದರೋ ಅದನ್ನೇ ಇಟ್ಟರು: ‘ಓಫಿಯೋಫೇಗಸ್ ಕಾಳಿಂಗ’.

ಹನ್ನಾ ಎಂಬ ಹೆಸರಾದ 188 ವರ್ಷಗಳ ಮೇಲೆ ಕನ್ನಡದ ಮಾತೊಂದು ಪ್ರಾಣಿಶಾಸ್ತ್ರದ ಪಟ್ಟಿಯಲ್ಲಿ ಹೀಗೆ ನಿಂತುದು ಕನ್ನಡಿಗರಿಗೆ ಹರ್ಷವನ್ನುಂಟುಮಾಡುವುದು ಸಹಜ. ಆದರೆ ಆ ನಾಮಕರಣದೊಡನೆ ಒಂದು ಹೊಣೆಯೂ ಬಂದಿದೆ. ಇದು ಬೇರೆ ಜಾತಿಯೆಂದು ಖಚಿತವಾದಮೇಲೆ, ಇದರ ವಿಷಕ್ಕೆ ಪರದೇಶದ ಮದ್ದನ್ನು ನೆಚ್ಚಿ ಕೂರುವಂತಿಲ್ಲ. ಅದೇ 2024ರ ಫೆಬ್ರವರಿಯಲ್ಲಿ ಕರ್ನಾಟಕ ಸರಕಾರವು ಹಾವಿನ ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿಮಾಡಬೇಕಾದ ವಿಷಯಗಳಲ್ಲಿ ಸೇರಿಸಿತು. ಫೇರರನು ಜಿಲ್ಲೆಗಳಿಂದ ಲೆಕ್ಕವನ್ನು ತರಿಸಿ ಒಂದೂವರೆ ಶತಮಾನವಾಗಿತ್ತು! 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನರು ಹಾವು ಕಚ್ಚಿ ಸತ್ತರೆಂಬುದು ವಿದ್ವಾಂಸರ ಅಂದಾಜು. ಇವರಲ್ಲಿ ಕಾಡನ್ನು ನೋಡಲು ಹೋದವರು ಅತ್ಯಲ್ಪ. ಗದ್ದೆಯಲ್ಲಿ ಬರಿಗಾಲಿನಲ್ಲಿ ನಿಂತವರೂ ನೆಲದ ಮೇಲೆ ಮಲಗಿದವರೂ ಬಹಳ. ವಿಹಾರಕ್ಕಾಗಿ ನಡೆಯುವವನು ಗಟ್ಟಿಯಾದ ಪಾದರಕ್ಷೆಯನ್ನು ತೊಟ್ಟು ಬೆಳಕಿನಲ್ಲಿ ನಡೆಯುತ್ತಾನೆ. ಬೆಳೆ ಕೊಯ್ಯುವವನಿಗೆ ಆ ಅನುಕೂಲವಿಲ್ಲ.

ದಾರಿಹೋಕನಿಗೆ ಅಪಾಯವು ಹೆಚ್ಚಾಗಿ ಬರುವುದು ಅವನದೇ ಉತ್ಸಾಹದಿಂದ. ಹಾವನ್ನು ಕಂಡೊಡನೆ ಹತ್ತಿರ ಹೋಗಿ ಚಿತ್ರ ತೆಗೆಯುವುದು, ಕಲ್ಲೆಸೆದು ಹೆಡೆಯೆತ್ತಿಸುವುದು, ಬಾಲವನ್ನು ಹಿಡಿದು ಸ್ನೇಹಿತರಿಗೆ ತೋರಿಸುವುದು, ಇವು ಈಚಿನ ರೋಗಗಳು. ಅಮರಕೋಶವು ಹಾವನ್ನು ಚಕ್ಷುಶ್ರವವೆಂದು, ಎಂದರೆ ಕಣ್ಣಿನಿಂದ ಕೇಳುವುದೆಂದು ಕರೆಯುತ್ತದೆ. ಹಾವಿಗೆ ಹೊರಗಿವಿಯಿಲ್ಲ, ನೆಲದ ಅದುರನ್ನು ಅದು ಮೈಯಿಂದ ಅರಿಯುತ್ತದೆ. ಕಾಳಿಂಗದ ಕಣ್ಣಂತೂ ಹಾವುಗಳಲ್ಲಿ ಬಹಳ ಚುರುಕಾದುದು, ಎದುರಿಗಿರುವವನ ಅಲುಗಾಟವನ್ನು ದೂರದಿಂದಲೇ ಹಿಡಿಯುವುದು. ಅಲುಗದೆ ನಿಂತು, ಬಳಿಕ ಮೆಲ್ಲಗೆ ಹಿಂದೆಹಿಂದಕ್ಕೆ ಸರಿದವನ ಮುಂದೆ ಅದು ಸ್ವಲ್ಪ ಹೊತ್ತಿನಲ್ಲಿ ಹೆಡೆಯನ್ನಿಳಿಸಿ ತನ್ನ ದಾರಿ ಹಿಡಿಯುವುದು. ಇದನ್ನು ಮಲೆನಾಡಿನ ದನಗಾಹಿ ಹುಡುಗನೂ ಬಲ್ಲ.

ಒಂದು ಸ್ಥಳದಲ್ಲಿ ಮಾತ್ರ ಅದು ಅಷ್ಟು ಸುಲಭವಾಗಿ ಸರಿಯದು. ಹಾವುಗಳಲ್ಲೆಲ್ಲಾ ಗೂಡು ಕಟ್ಟುವುದು ಕಾಳಿಂಗವೊಂದೇ. ಮಳೆಗಾಲಕ್ಕೆ ಮೊದಲು, ಬೇಸಗೆಯ ಕಡೆಯಲ್ಲಿ, ಹೆಣ್ಣುಹಾವು ತನ್ನ ಮೈಯ ಸುರುಳಿಯಿಂದ ತರಗೆಲೆಗಳನ್ನು ಸೆಳೆದು ರಾಶಿಮಾಡಿ, ಅದರೊಳಗೆ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನಿಟ್ಟು ಮೇಲೆ ಕುಳಿತು ಕಾಯುವುದು. ಆಗುಂಬೆಯ ಮಳೆಯೂ ನುಗ್ಗದಷ್ಟು ಒತ್ತಾಗಿ ಆ ಎಲೆಗಳು ಹೊಂದಿಕೊಂಡಿರುತ್ತವೆ. ಆ ಭಾಗದಲ್ಲಿ ಗೂಡು ಕಂಡರೆ ಊರಿನವರು ಸಂಶೋಧನ ಕೇಂದ್ರಕ್ಕೆ ತಿಳಿಸುವುದುಂಟು. ಅವರು ಬಂದು ಸುತ್ತಲೂ ಯಾರೂ ಸುಳಿಯದಂತೆ ಎಚ್ಚರಿಸಿ, ದೂರದಿಂದ ನೋಡಿಕೊಳ್ಳುವರು. ಮರಿಗಳು ಹೊರಬೀಳುವ ಹೊತ್ತಿಗೆ ತಾಯಿಯು ಗೂಡನ್ನು ಬಿಟ್ಟು ಹೋಗಿರುವುದು. ಜಡಿಮಳೆಯ ನಡುವೆ ಮೊಟ್ಟೆಯೊಡೆದು, ಕಪ್ಪು ಮೈಯ ಮೇಲೆ ಬಿಳಿಯ ಪಟ್ಟೆಗಳುಳ್ಳ ಒಂದೂವರೆ ಅಡಿಯ ಮರಿಗಳು, ಹುಟ್ಟಿನಿಂದಲೇ ವಿಷವನ್ನು ಹೊತ್ತು, ಒಂದೊಂದಾಗಿ ಎಲೆಗಳ ಕೆಳಗಿನಿಂದ ಹೊರಟು ಕಾಡಿನೊಳಗೆ ಹೋಗುತ್ತವೆ.